ಮಾಲಖಾನೆಯಲ್ಲಿ ಲಿಂಗಪೂಜೆ

ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ತನ್ನ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅಂತರರಾಷ್ಟ್ರೀಯ ಮಾದಕವಸ್ತು ನಿಗ್ರಹದ ಒಂದು ಕಡತದಲ್ಲಿ ಹೆಸರು ಬರೆಸಿಕೊಂಡಳು. ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ‘ಛೆ, ಪಾಪ’ ಅನ್ನುತ್ತಾರೆ. ಆ ದಿನಗಳಲ್ಲಿ ನಾನು ಎರಡನ್ನೂ ಮಾಡಲಿಲ್ಲ. ನನಗೆ ಬರೀ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದರೆ ನನ್ನ ಹಿಂದಿ ಮೊದಲು ಕೈಕೊಡುತ್ತದೆ, ಮರಾಠಿ ಆಮೇಲೆ. ಕೊನೆಗೆ ಉಳಿಯುವುದು ವಿಜಯಪುರದ ಕನ್ನಡ ಒಂದೇ, ಅದು ಮುಂಬಯಿಯ ಯಾವ ಕೌಂಟರಿನಲ್ಲೂ ನಡೆಯುವುದಿಲ್ಲ.

ಅತ್ತೆಗೆ ಎಂಟನೇ ವಯಸ್ಸಿನಲ್ಲಿ ದೀಕ್ಷೆಯಾಗಿತ್ತು. ಅಂದು ಗುರು ಕೊಟ್ಟ ಇಷ್ಟಲಿಂಗ, ಕಪ್ಪು ಕಂತಿಯ ಲೇಪ ಹಚ್ಚಿದ ನೆಲ್ಲಿಕಾಯಿ ಗಾತ್ರದ್ದು, ಬೆಳ್ಳಿಯ ಕರಡಿಗೆಯೊಳಗೆ ಅರವತ್ತಾರು ವರ್ಷ ಅವಳ ಎದೆಯ ಮೇಲೇ ಇತ್ತು. ಹೆರಿಗೆಯಲ್ಲಿ ತೆಗೆದಿರಲಿಲ್ಲ, ಕಣ್ಣಿನ ಆಪರೇಷನ್ನಿನಲ್ಲೂ ತೆಗೆದಿರಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿದ ಮೇಲೇ ಬಾಯಿಗೆ ಏನಾದರೂ. ಅಲ್ಲಿಯವರೆಗೆ ಚಹಾ ಕೂಡ ಇಲ್ಲ. ಲಿಂಗ ಮೈಯಿಂದ ಅಗಲಿದರೆ ಅದು ತಿರುಗಿ ಬರುವವರೆಗೂ ಅನ್ನವಿಲ್ಲ. ಈಗಿನವರಲ್ಲಿ ಇಷ್ಟು ಕಟ್ಟುನಿಟ್ಟು ಯಾರೂ ಇಲ್ಲ. ನನ್ನ ಲಿಂಗ ಮುಲುಂಡಿನ ಮನೆಯ ದೇವರ ಗೂಡಿನಲ್ಲಿ ಆರಾಮಾಗಿದೆ, ನಾನು ಬಾಂದ್ರಾದ ಆಫೀಸಿನ ಕ್ಯಾಂಟೀನಿನಲ್ಲಿ ಒಂಬತ್ತೂವರೆಗೇ ಇಡ್ಲಿ ತಿನ್ನುತ್ತೇನೆ.

ಅತ್ತೆಯ ಮೊಮ್ಮಗಳು ಹೊರದೇಶದಲ್ಲಿ ಹೆತ್ತಿದ್ದಳು. ಕೂಸಿನ ಹೆಸರಿಡುವ ಶಾಸ್ತ್ರಕ್ಕೆ ಅತ್ತೆಯನ್ನು ಕರೆದುಕೊಂಡು ನಾನು ಹೊರಟೆ. ಚೀಲದಲ್ಲಿ ನಾಲ್ಕು ವಿಭೂತಿ ಗಟ್ಟಿಗಳಿದ್ದವು, ಸುಣ್ಣದಷ್ಟು ಬಿಳಿ, ಒಂದೊಂದೂ ಅರ್ಧ ಇಟ್ಟಿಗೆಯಷ್ಟು. ಒಡೆಯಬಾರದೆಂದು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮೇಲೆ ಕಂದು ಟೇಪನ್ನು ಮೂರು ಮೂರು ಸುತ್ತು ಸುತ್ತಿದವಳು ನಾನೇ. ಟೀವಿಯಲ್ಲಿ ಪೊಲೀಸರು ಮೇಜಿನ ಮೇಲೆ ಜೋಡಿಸಿಟ್ಟು ಫೋಟೋ ತೆಗೆಸಿಕೊಳ್ಳುವ ಪೊಟ್ಟಣಗಳು ಹೇಗಿರುತ್ತವೋ ನಮ್ಮವೂ ಥೇಟ್ ಹಾಗೇ ಇದ್ದವು. ಇಪ್ಪತ್ತೆರಡು ವರ್ಷದಿಂದ ವಿಮಾ ಕಂಪನಿಯಲ್ಲಿ ಜನರ ಅರ್ಜಿಗಳಲ್ಲಿ ತಪ್ಪು ಹುಡುಕಿ ತಿರಸ್ಕರಿಸುವ ನನ್ನ ತಲೆಗೆ ಇದು ಹೊಳೆಯಲಿಲ್ಲ ನೋಡಿ.

ಆ ವಾರ ಎರಡು ಸರ್ಕಾರಗಳು ಸೇರಿ ಮಾದಕವಸ್ತುಗಳ ವಿರುದ್ಧ ಜಂಟಿ ಅಭಿಯಾನ ನಡೆಸಿದ್ದವು. ವಿಮಾನ ನಿಲ್ದಾಣದಲ್ಲಿ ಬ್ಯಾನರು ಕಟ್ಟಿದ್ದರು. ಕಲಿಸಲಿಕ್ಕೆಂದು ಹೊರದೇಶದ ಅಧಿಕಾರಿಗಳು ಬಂದಿದ್ದರು, ಎಲ್ಲದರ ವಿಡಿಯೋ ಆಗುತ್ತಿತ್ತು. ಚೀಲದ ಗಟ್ಟಿಗಳನ್ನು ಕಂಡು ನಮ್ಮನ್ನು ಕರೆದೊಯ್ದ ಕೋಣೆಯ ಮೇಜಿನ ಮೇಲೆ ಅವರು ತಂದ ನಕಲಿ ಮಾಲು ಹರಡಿತ್ತು. ತರಬೇತಿಗೆಂದೇ ಮಾಡಿದ ಬಿಳಿ ಪುಡಿ, ಕಂದು ಪುಡಿ, ಒಂದು ಕರಿ ಉಂಡೆ.

ಅಲ್ಲಿದ್ದ ನಮ್ಮ ದೇಶದ ಕಿರಿಯ ಅಧಿಕಾರಿ ಸಭ್ಯ ಮನುಷ್ಯ. ಒಂದು ಗಟ್ಟಿಯ ಟೇಪು ಕತ್ತರಿಸಿ, ಸ್ವಲ್ಪ ಕೆರೆದು ಪರೀಕ್ಷೆಯ ಕೊಳವೆಯ ದ್ರವದಲ್ಲಿ ಹಾಕಿದ. ಬಣ್ಣ ಬದಲಾಗಲಿಲ್ಲ.

“ಇದು ಬೂದಿ ಅಂತ ನನಗೂ ಗೊತ್ತು ಮ್ಯಾಡಮ್,” ಎಂದು ಹಿಂದಿಯಲ್ಲಿ ಹೇಳಿದ. “ಇನ್ನು ಮೂರು ಬಾಕಿ. ಹತ್ತು ನಿಮಿಷ ಕೂತಿರಿ.”

ಆ ಹತ್ತು ನಿಮಿಷವನ್ನು ಅತ್ತೆ ವ್ಯರ್ಥ ಮಾಡಲಿಲ್ಲ. ನಸುಕಿನಲ್ಲೇ ಮನೆ ಬಿಟ್ಟಿದ್ದರಿಂದ ಅವಳ ಪೂಜೆ ಇನ್ನೂ ಆಗಿರಲಿಲ್ಲ. ಎದುರಿಗೆ ಮೇಜಿದೆ, ಗಟ್ಟಿಯೂ ಒಡೆದಿದೆ. ನಾನು ಫೋನಿನಲ್ಲಿ ಮೊಮ್ಮಗಳಿಗೆ ಸಮಾಧಾನ ಹೇಳಿ ತಿರುಗುವಷ್ಟರಲ್ಲಿ ಅತ್ತೆ ನಕಲಿ ಮಾಲನ್ನು ಮುಂಗೈಯಿಂದ ಆಚೆ ಸರಿಸಿ, ವಿಭೂತಿಯನ್ನು ಮೂರು ಬೆರಳಿಗೆ ತೀಡಿಕೊಂಡು, ಲಿಂಗವನ್ನು ಅಂಗೈಗೆ ತೆಗೆದುಕೊಂಡಾಗಿತ್ತು. ಹೊರದೇಶದ ಹಿರಿಯ ಅಧಿಕಾರಿ, ಕೆಂಪು ಮುಖದ ಎತ್ತರದ ಮನುಷ್ಯ, ಕುತೂಹಲದಿಂದ ಹತ್ತಿರ ಬಂದು ಕೈಮುಗಿದು ಬಾಗಿದ. ಬಾಗಿದವರ ಹಣೆ ಬರಿದಾಗಿ ಬಿಡುವುದು ನಮ್ಮ ಮನೆತನದಲ್ಲಿ ಇಲ್ಲ. ಅತ್ತೆ ಅವನ ಹಣೆಗೆ ಮೂರು ಗೆರೆ ಎಳೆದು, ಹೆಚ್ಚಾದ ಬೂದಿ ಅವನ ಕಣ್ಣಿಗೆ ಬೀಳಬಾರದೆಂದು ಉಫ್ ಎಂದು ಊದಿದಳು. ಆ ಬೂದಿ ಮೇಜಿನ ತುಂಬ ಹಾರಿತು. ನಕಲಿ ಮಾಲಿನ ಮೇಲೆ, ಫಾರಮ್ಮುಗಳ ಮೇಲೆ, ಕಿರಿಯ ಅಧಿಕಾರಿಯ ಕರಿ ಪ್ಯಾಂಟಿನ ಮೇಲೆ.

ಅಷ್ಟರಲ್ಲಿ ಅವನ ಮೇಲಧಿಕಾರಿ ಒಳಗೆ ಬಂದ.

“ಟೆಸ್ಟ್ ಆಯಿತಾ?”

“ಒಂದರದ್ದು ಆಯಿತು ಸರ್.”

“ಮೇಜಿನ ಮೇಲಿರುವ ಪುಡಿ ಯಾವುದರದ್ದು? ನಮ್ಮದಾ, ಅವರದಾ?”

ಯಾರೂ ಪ್ರಮಾಣ ಮಾಡಿ ಹೇಳುವ ಹಾಗಿರಲಿಲ್ಲ. ವಿಡಿಯೋ ನಡೆದಿತ್ತು. ಪರದೇಶದವರ ಮುಂದೆ ನಿಯಮ ಸಡಿಲ ಮಾಡುವುದು ದೇಶದ ಮರ್ಯಾದೆಯ ಪ್ರಶ್ನೆ. ಗುರುತು ತಿಳಿಯದ ಪುಡಿ ತಗಲಿದ್ದೆಲ್ಲ ಪೊಟ್ಟಣವಾಗಿ, ಅರಗಿನ ಮೊಹರು ಬಿದ್ದು, ಪ್ರಯೋಗಾಲಯದ ವರದಿಗೆ ಕಾಯಬೇಕು ಎಂದು ತೀರ್ಮಾನವಾಯಿತು. ಸಾಕ್ಷಿಗೆ ಇಬ್ಬರು ಪಂಚರನ್ನು ಹುಡುಕಿ ತಂದರು. ಒಬ್ಬಳು ನೆಲ ಒರೆಸುವವಳು, ಇನ್ನೊಬ್ಬ ಟ್ರಾಲಿ ತಳ್ಳುವವನು. ಗಟ್ಟಿಗಳು ಒಂದು ಪೊಟ್ಟಣ. ಕಿರಿಯ ಅಧಿಕಾರಿಯ ಪೆನ್ನು ಒಂದು. ನಕಲಿ ಪುಡಿಗಳು ಒಂದು. ಕರಿ ಉಂಡೆ ಒಂದು. ಫಾರಮ್ಮುಗಳು ಒಂದು. ಹೊರದೇಶದವನ ಹಣೆಯ ಮೇಲಿನ ಬೂದಿಯನ್ನು ಹತ್ತಿಯಿಂದ ಒರೆಸಿ ಅದೂ ಒಂದು. ಪಾಪ, ಅವನು ಕಣ್ಣಿಗೆ ಔಷಧಿ ಹಾಕಿಸಿಕೊಳ್ಳುವವನಂತೆ ಮುಖ ಮೇಲೆತ್ತಿ ನಿಂತಿದ್ದ. ಪಂಚರು ಅವನ ಹಣೆಯನ್ನು ಪರೀಕ್ಷಿಸಿ ಸಹಿ ಮಾಡಿದರು.

ಉಳಿದದ್ದು ಅತ್ತೆಯ ಅಂಗೈಯಲ್ಲಿದ್ದ ಲಿಂಗ.

“ಕೈ ಹಚ್ಚಬ್ಯಾಡ್ರಿ,” ಅಂದಳು ಅತ್ತೆ.

ಯಾರೂ ಕೈ ಹಚ್ಚಲಿಲ್ಲ. ಅವಳ ಎದುರಿಗೇ ಹೊಸ ಕೈಗವಸಿನ ಪೊಟ್ಟಣ ಒಡೆದರು. ಸಂಜೆಯೊಳಗೆ ವಾಪಸು ಬರುತ್ತದೆ ಎಂದು ಕಿರಿಯ ಅಧಿಕಾರಿ ನನಗೆ ಮಾತು ಕೊಟ್ಟ. ನನಗೆ ಸಾಕುಸಾಕಾಗಿತ್ತು. ವಿಮಾನ ಹೋಗಿತ್ತು, ಬೆಳಗಿನಿಂದ ನಿಂತು ಕಾಲು ಸೋತಿದ್ದವು. “ಕೊಟ್ಟುಬಿಡು ಅತ್ತೀ, ಸಂಜಿ ತನಕ ಅಷ್ಟ,” ಅಂದೆ. ಅತ್ತೆ ನನ್ನ ಮುಖ ನೋಡಿದಳು. ಲಿಂಗವನ್ನು ಕರಡಿಗೆಯಲ್ಲಿಟ್ಟು, ತಾನೇ ಅವರ ಲಕೋಟೆಯೊಳಗೆ ಇಳಿಸಿದಳು. ಒಟ್ಟು ಏಳು ಲಕೋಟೆಗಳ ಮೇಲೂ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಮಾತು ಹೇಳಿದ್ದಕ್ಕೆ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಕೊಂಡಿಲ್ಲ.

ಸಂಜೆ ಬರಲಿಲ್ಲ. ಮರುದಿನ ಫೋನ್ ಮಾಡಿದರೆ, ಕೆಲವು ಪೊಟ್ಟಣ ಪ್ರಯೋಗಾಲಯಕ್ಕೆ ಹೋಗಿವೆ, ಕೆಲವು ಮಾಲಖಾನೆಯಲ್ಲಿವೆ, ಎಲ್ಲವೂ ಸುರಕ್ಷಿತ ಎಂದರು. ಮಾಲಖಾನೆ ಅಂದರೆ ವಶಪಡಿಸಿಕೊಂಡ ಸಾಮಾನು ಇಡುವ ಉಗ್ರಾಣ. ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಮುಂದೆ ತಾಟು ಹಾಗೇ ಇತ್ತು. ಹಳ್ಳಿಯ ಮಠದ ಅಜ್ಜನವರಿಗೆ, ಅಂದರೆ ಸ್ವಾಮಿಗಳಿಗೆ, ಫೋನ್ ಹಚ್ಚಿದೆ. ಆಕೆ ವಯಸ್ಸಾದವಳು, ನೀರು ಕುಡಿಯಲಿ, ಲಿಂಗ ಕಳೆದಿದ್ದರೆ ಕರೆದುಕೊಂಡು ಬನ್ನಿ, ಹೊಸದು ಕಟ್ಟೋಣ ಎಂದರು. ನನಗೆ ಹೋದ ಜೀವ ಬಂತು.

“ಕಳದಿದ್ದರ ಹೊಸಾದು ಕಟ್ಟಿಕೊಳ್ಳಬೇಕು,” ಎಂದಳು ಅತ್ತೆ. “ನಂದು ಎಲ್ಲಿ ಕಳದೈತಿ? ಸರ್ಕಾರದ ಕಪಾಟಿನ್ಯಾಗ ಐತಿ. ಅದು ಇರೂವಾಗ ಇನ್ನೊಂದು ಹೆಂಗ ಕಟ್ಟಿಕೊಳ್ಳಲಿ?”

ತರ್ಕ ಸರಿಯಾಗಿತ್ತು, ಅದೇ ತೊಂದರೆ. ನಾನು ಕಿರಿಯ ಅಧಿಕಾರಿಗೆ ಮತ್ತೆ ಫೋನ್ ಮಾಡಿ, ಲಿಂಗ ಕಳೆದುಹೋಗಿದೆ ಎಂದು ಒಂದು ಚೀಟಿ ಬರೆದುಕೊಡಿ, ಇಲ್ಲಿ ಒಂದು ಜೀವ ಉಳಿಯುತ್ತದೆ ಎಂದು ಬೇಡಿಕೊಂಡೆ. ಅವನು ಗಾಬರಿಯಾದ. “ಮ್ಯಾಡಮ್, ಒಮ್ಮೆ ನಮ್ಮ ಹತ್ತಿರ ಬಂದ ಮೇಲೆ ಯಾವುದೂ ಕಳೆಯೋದಿಲ್ಲ,” ಎಂದ. ಅವನ ಧ್ವನಿಯಲ್ಲಿ ಹೆಮ್ಮೆಯಿತ್ತು. ಫೋನನ್ನು ಸೋಫಾದ ಮೇಲೆ ಎಸೆದೆ.

ಮೂರನೇ ದಿನ ಅತ್ತೆ ಬಚ್ಚಲಿಗೆ ಹೋಗಲು ಎದ್ದವಳು ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದಳು. ಕೆಳಗಿನ ಮನೆಯ ಡಾಕ್ಟರು ನಾಡಿ ಹಿಡಿದು ನೋಡಿ, ಇನ್ನೆರಡು ದಿನ ಹೀಗೇ ಆದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ನಾನು ಆಫೀಸಿಗೆ ರಜೆ ಹಾಕಿ ಲೋಕಲ್ ಹತ್ತಿದೆ.

ಮಾಲಖಾನೆ ಬೈಕುಲ್ಲಾದ ಮಾರ್ಕೆಟ್ಟಿನ ಹಿಂದಿನ ಹಳೆ ಕಟ್ಟಡದ ಮೊದಲ ಮಾಳಿಗೆಯಲ್ಲಿತ್ತು. ಕೆಳಗಿನ ಈರುಳ್ಳಿಯ ಘಾಟು ಮೇಲಿನವರೆಗೂ ಏರುತ್ತಿತ್ತು. ಉಗ್ರಾಣದ ಮೇಲ್ವಿಚಾರಕ ನಿವೃತ್ತಿಗೆ ಹತ್ತಿರವಾದ ಮರಾಠಿ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ. ನಾನು ಅರ್ಧ ಮರಾಠಿ, ಅರ್ಧ ಕನ್ನಡ, ಉಳಿದದ್ದು ಅಳು, ಹೀಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ನಿಯಮದ ಪುಸ್ತಕ ತೆಗೆದು ನಿಧಾನವಾಗಿ ಓದಿದ.

“ಕೊಡೋಕೆ ಬರೋದಿಲ್ಲ ತಾಯಿ,” ಎಂದ ಮರಾಠಿಯಲ್ಲಿ. “ಆದರೆ ಮಾಲಿನ ಒಡೆಯರು ಇಬ್ಬರು ಪಂಚರ ಮುಂದೆ, ಮೊಹರು ಒಡೆಯದೆ, ತಮ್ಮ ಮಾಲನ್ನು ಪರಿಶೀಲನೆ ಮಾಡಬಹುದು. ಪರಿಶೀಲನೆ ಕಣ್ಣು ಮುಚ್ಚಿಕೊಂಡು ಮಾಡಬಾರದು ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ.”

ಅವನ ಕಾಲಿಗೆ ಬೀಳಬೇಕೆನಿಸಿತು. ಅವನು ಎದ್ದು ಹೋಗಿ ಕೈ ತೊಳೆದುಕೊಂಡು ಬಂದ. ಅತ್ತೆಯ ಹೆಬ್ಬೆಟ್ಟು ಮತ್ತು ನಂಬರು ಮಾತ್ರ ಇದ್ದ ಲಕೋಟೆಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿದ. ಒಂದರಲ್ಲಿ ದುಂಡಗಿನ ಗಟ್ಟಿ ವಸ್ತು ಸಿಕ್ಕಿತು. ಅದನ್ನು ಹಣೆಗೆ ಮುಟ್ಟಿಸಿ, “ಇವನೇ ದೇವರು,” ಎಂದು ಬೇರೆ ತಟ್ಟೆಯಲ್ಲಿ ಇಟ್ಟ.

ಮರುದಿನ ಬೆಳಿಗ್ಗೆ ಅತ್ತೆಯನ್ನು ಹಿಡಿದು ಸ್ಲೋ ಲೋಕಲ್ಲಿನ ಲೇಡೀಸ್ ಡಬ್ಬಿಗೆ ಹತ್ತಿಸಿದೆ. ಮೆಟ್ಟಿಲು ಏರಿಸುವಾಗ ಅವಳ ತೋಳು ನನ್ನ ಕೈಯಲ್ಲಿ ಕಡ್ಡಿಯಷ್ಟೇ ಇತ್ತು. ಮೇಲ್ವಿಚಾರಕ ಪಂಚರಾಗಿ ಪಕ್ಕದ ಹೊಲಿಗೆ ಯಂತ್ರ ರಿಪೇರಿಯವನನ್ನೂ ಎದುರಿನ ತತ್ತಿ ವ್ಯಾಪಾರಿಯನ್ನೂ ಕರೆಸಿದ್ದ. ತತ್ತಿಯವನು ತನ್ನ ಧಂದೆ ನೆನೆದು ಹೊಸ್ತಿಲ ಆಚೆಯೇ ನಿಂತು ನೋಡುತ್ತೇನೆ ಎಂದ. ಸುತ್ತ ಗಾಂಜಾ ಮೂಟೆಗಳು, ನಂಬರು ಬರೆದ ಸೂಟ್‌ಕೇಸುಗಳು. ನಡುವೆ ಚಾಪೆ ಹಾಸಿ ಅತ್ತೆ ಕೂತಳು. ಮೊಹರು ಬಿದ್ದ ಲಕೋಟೆಯನ್ನು ಮೇಲ್ವಿಚಾರಕ ಎರಡೂ ಕೈಯಿಂದ ಅವಳ ಎಡ ಅಂಗೈಯ ಮೇಲಿಟ್ಟ.

ಅತ್ತೆ ಕಣ್ಣು ಮುಚ್ಚಿದಳು. ಬಹಳ ಹೊತ್ತು ಹಾಗೇ ಇದ್ದಳು. ನಾನು ಪಕ್ಕದಲ್ಲಿ ಕೂತು ಊಟದ ಡಬ್ಬಿಯ ಮುಚ್ಚಳದ ಮೇಲೆ ಕೈ ಇಟ್ಟುಕೊಂಡಿದ್ದೆ. ಕಣ್ಣು ತೆರೆದವಳು ಲಕೋಟೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತಳು. ಆಮೇಲೆ ಅದನ್ನು ತಟ್ಟೆಗೆ ಇಳಿಸಿ, “ಡಬ್ಬಿ ತಗಿ,” ಅಂದಳು.

ಒಂದೂವರೆ ಜೋಳದ ರೊಟ್ಟಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ, ಮೊಸರು. ಪ್ರತಿ ತುತ್ತಿಗೂ ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ. ಮೇಲ್ವಿಚಾರಕ ರಿಜಿಸ್ಟರಿನಲ್ಲಿ ಬರೆದ: ಸದರಿ ಮಹಿಳೆಯು ಮಾಲನ್ನು ಪರಿಶೀಲಿಸಿದ್ದು, ಮೊಹರು ಸುಸ್ಥಿತಿಯಲ್ಲಿದ್ದು, ತದನಂತರ ಸದರಿಯವರು ಒಂದೂವರೆ ಭಾಕರಿ ಸೇವಿಸಿದ್ದು, ಪಂಚರು ಕಣ್ಣಾರೆ ಕಂಡಿರುತ್ತಾರೆ.

ಹೀಗೆ ಹದಿನಾಲ್ಕು ದಿನ ನಡೆಯಿತು. ಫೋನ್ ಮಾಡಿದಾಗಲೆಲ್ಲ ನಿಮ್ಮ ರಜೆ ಇನ್ನೂ ಎಷ್ಟು ದಿನ ಎಂದು ನನ್ನ ಆಫೀಸಿನವರು ಕೇಳುತ್ತಿದ್ದರು. ಸರ್ಕಾರಿ ಉಗ್ರಾಣದಲ್ಲಿ ಪೂಜೆಯಿದೆ ಎಂದು ಯಾವ ಅರ್ಜಿಯಲ್ಲಿ ಬರೆಯಲಿ? ರಿಪೇರಿಯವನು ದಿನಾ ಒಂದು ಮೊಳ ಮಲ್ಲಿಗೆ ತರತೊಡಗಿದ. ಮೊಹರಿನ ಮೇಲೆ ಹೂವಿಟ್ಟರೆ ಸಾಕ್ಷ್ಯ ಹಾಳಾಗುತ್ತದೆಂದು ಅದನ್ನು ರಿಜಿಸ್ಟರಿಗೆ ಮುಡಿಸುತ್ತಿದ್ದರು. ಮೇಲ್ವಿಚಾರಕನಿಗೆ ಗುರೆಳ್ಳು ಹಿಂಡಿಯ ರುಚಿ ಹತ್ತಿತು. ಕೂಸಿಗೆ ಹೆಸರಿಟ್ಟದ್ದನ್ನು ಅತ್ತೆ ಅಲ್ಲೇ, ಗಾಂಜಾ ಮೂಟೆಗೆ ಒರಗಿ, ನನ್ನ ಫೋನಿನಲ್ಲಿ ನೋಡಿದಳು. ಹಿಂದೆ ಕಾಣುವುದು ಏನು ಅಜ್ಜೀ ಎಂದು ಮೊಮ್ಮಗಳು ಕೇಳಿದರೆ, “ಔಷಧದ ಸೊಪ್ಪು,” ಅಂದಳು.

ಒಂದು ದಿನ ಅದೇ ಕೆಂಪು ಮುಖದ ಅಧಿಕಾರಿ ತನ್ನ ತಂಡದೊಂದಿಗೆ ಬಂದ. ನಮ್ಮ ಉಗ್ರಾಣಗಳು ಅಂತರರಾಷ್ಟ್ರೀಯ ಮಟ್ಟಕ್ಕೆ ಇವೆಯೇ ಎಂದು ನೋಡುವುದು ಅವನ ಕೆಲಸ. ಅತ್ತೆಯನ್ನು ಕಂಡವನೇ ಒಂದು ಕೈ ಹಣೆಗೆ ಅಡ್ಡ ಹಿಡಿದು, ದೂರದಿಂದಲೇ ನಮಸ್ಕರಿಸಿದ. ಏನು ನಡೆಯುತ್ತಿದೆ ಎಂದು ದುಭಾಷಿಯ ಮೂಲಕ ಕೇಳಿದ. ಮೇಲ್ವಿಚಾರಕ ಎದೆಯುಬ್ಬಿಸಿ, ಪ್ರತಿದಿನ ಮಾಲಿನ ಒಡೆಯರೇ ಬಂದು ಮೊಹರು ಪರೀಕ್ಷಿಸುತ್ತಾರೆ ಎಂದ. ಇಂಥ ಪದ್ಧತಿ ನಮ್ಮ ದೇಶದಲ್ಲೂ ಇಲ್ಲವಲ್ಲ ಎಂದು ಅವರು ಬಹಳ ಹೊತ್ತು ಫೋಟೋ ತೆಗೆದುಕೊಂಡರು. ಯಾವುದೋ ಸಮ್ಮೇಳನದಲ್ಲಿ ಆ ಫೋಟೋ ತೋರಿಸಿದರೆಂದು ಆಮೇಲೆ ಕಿರಿಯ ಅಧಿಕಾರಿಯಿಂದ ತಿಳಿಯಿತು. ನನ್ನ ಡಬ್ಬಿಯೂ ಅದರಲ್ಲಿ ಇತ್ತಂತೆ.

ಹದಿನಾಲ್ಕನೇ ದಿನ ಮಧ್ಯಾಹ್ನ ಅತ್ತೆ ಉಂಡು ಮುಗಿಸಿ, ಕೆಳಗೆ ರಿಪೇರಿ ಅಂಗಡಿಯಲ್ಲಿ ಕೂತಿದ್ದಳು. ಕಿರಿಯ ಅಧಿಕಾರಿ ಪ್ರಯೋಗಾಲಯದಿಂದ ಬಂದ ಪೆಟ್ಟಿಗೆ ಹೊತ್ತು ನಗುನಗುತ್ತ ಮಾಳಿಗೆ ಹತ್ತಿದ. ವರದಿ ಬಂದಿತ್ತು. ಗಟ್ಟಿಗಳು: ಸಗಣಿಯ ಬೂದಿ. ಅಧಿಕಾರಿಯ ಹಣೆ: ಸಗಣಿಯ ಬೂದಿ ಮತ್ತು ಬಿಸಿಲಿಗೆ ಹಚ್ಚುವ ಕ್ರೀಮು. ಪೆಟ್ಟಿಗೆಯಿಂದ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ಮೂರನೆಯದನ್ನು ಬಿಚ್ಚಿದಾಗ ಅದರಿಂದ ಅತ್ತೆಯ ಬೆಳ್ಳಿಯ ಕರಡಿಗೆ ಹೊರಗೆ ಬಂತು. ಮುಚ್ಚಳ ತೆಗೆದೆ. ಒಳಗೆ ಲಿಂಗ.

ಮೂವರೂ ತಟ್ಟೆಯಲ್ಲಿದ್ದ ಲಕೋಟೆಯ ಕಡೆ ನೋಡಿದೆವು.

ಮೇಲ್ವಿಚಾರಕ ಅದರ ಮೊಹರು ಒಡೆದ. ಒಳಗಿದ್ದದ್ದು ಹೊರದೇಶದ ಸರ್ಕಾರ ಕಳಿಸಿದ ಕರಿ ಉಂಡೆ. ರಬ್ಬರಿನದೋ ರಾಳದ್ದೋ. ಬುಡದಲ್ಲಿ ಸಣ್ಣ ಅಕ್ಷರದಲ್ಲಿ, ತರಬೇತಿಗೆ ಮಾತ್ರ, ಅಂತ ಇಂಗ್ಲಿಷಿನಲ್ಲಿ ಬರೆದಿತ್ತು.

ಮೇಲ್ವಿಚಾರಕ ಕುರ್ಚಿಯಲ್ಲಿ ಕುಸಿದು ಕೂತ. ಅವನ ಮೇಲೆ ಸಿಟ್ಟು ಮಾಡಲು ನನ್ನಿಂದ ಆಗಲಿಲ್ಲ. ಆ ಮನುಷ್ಯ ಕೈ ತೊಳೆದುಕೊಂಡು ಬಂದು ಮುಟ್ಟಿದ್ದ. ಅತ್ತೆಗೆ ತಿಳಿದರೆ ಏನು ಗತಿ ಎಂಬುದೊಂದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಹದಿನಾಲ್ಕು ದಿನ ಪೂಜೆಯಿಲ್ಲದೆ ಉಂಡಂತಾಯಿತು. ಅವಳು ಇನ್ನೊಮ್ಮೆ ತಾಟು ಮುಟ್ಟುತ್ತಾಳೆಯೇ? ಕಿರಿಯ ಅಧಿಕಾರಿಗೆ ಹದಿನಾಲ್ಕು ಪಂಚನಾಮೆಗಳು ಸುಳ್ಳಾಗುವ ಚಿಂತೆ, ಮೇಲ್ವಿಚಾರಕನಿಗೆ ನಿವೃತ್ತಿಯ ಚಿಂತೆ. ಯಾರಿಗೂ ಹೇಳುವುದಿಲ್ಲ ಎಂದು ಮೂವರೂ ಬಾಯಿಮಾತಿನಲ್ಲೇ ಒಪ್ಪಿಕೊಂಡೆವು. ಆ ಇಡೀ ಪ್ರಕರಣದಲ್ಲಿ ಒಂದು ಸಹಿಯೂ ಇಲ್ಲದೆ ಮುಗಿದ ಕೆಲಸ ಅದೊಂದೇ.

ಕೆಳಗಿಳಿದು ಕರಡಿಗೆಯನ್ನು ಅತ್ತೆಯ ಕೈಗೆ ಕೊಟ್ಟೆ. ಅವಳು ಏನೂ ಕೇಳಲಿಲ್ಲ. ಕಣ್ಣಿಗೆ ಒತ್ತಿಕೊಂಡು, ಕೊರಳಿಗೆ ಹಾಕಿಕೊಂಡಳು. ಲೋಕಲ್ಲಿನಲ್ಲಿ ಮುಲುಂಡಿನವರೆಗೂ ಎದೆಯ ಮೇಲಿನ ಕೈ ತೆಗೆಯಲಿಲ್ಲ. ನನಗೆ ಎಷ್ಟು ಹಗುರಾಗಿತ್ತೆಂದರೆ, ಸ್ಟೇಷನ್ನಿನಲ್ಲಿ ಇಳಿದು ಒಂದು ಕಿಲೋ ಪೇಡೆ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ತನ್ನ ಲಿಂಗವನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ನಮ್ಮ ಮನೆಯಲ್ಲೇ ಪೂಜೆ ಮಾಡಿದಳು. ನಾನು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಎರಡು ಪೇಡೆ ಇಟ್ಟು ತಾಟು ತಂದೆ.

“ಒಲ್ಲೆ,” ಅಂದಳು.

“ಯಾಕ ಅತ್ತೀ? ಎಲ್ಲಾ ಮುಗೀತಲ್ಲ. ಲಿಂಗ ಮನಿಗೆ ಬಂತಲ್ಲ.”

“ಹದಿನಾಕು ದಿನ ಉಂಡೀನಿ. ಹದಿನಾಕು ದಿನ ಬಿಡತೀನಿ. ಆಗೂದಿಲ್ಲ ಅಂತ ಗೊತ್ತೈತಿ. ಆದಷ್ಟು ದಿನ ಬಿಡತೀನಿ.”

ತಾಟನ್ನು ಕೆಳಗಿಟ್ಟೆ. ಯಾರು ಹೇಳಿದರು, ಆ ಉಗ್ರಾಣದ ಮುದುಕನಾ, ಎಂದು ಕೇಳಿದೆ.

“ಯಾರು ಹೇಳಬೇಕು? ಮೊದಲನೇ ದಿನ ಕೈಯಾಗ ಇಟ್ಟ ಕೂಡ್ಲೆ ಗೊತ್ತಾತು, ಅದು ನಂದಲ್ಲ ಅಂತ.”

“ಮತ್ತ ಯಾಕ ಹೇಳಲಿಲ್ಲ?”

ಅತ್ತೆ ಸೆರಗಿನಿಂದ ಅಂಗೈ ಒರೆಸಿಕೊಂಡಳು. ನನ್ನ ಕಡೆ ನೋಡಲಿಲ್ಲ.

“ಹಸಿವಿ ಆಗಿತ್ತು,” ಅಂದಳು. “ಭಾಳ ಹಸಿವಿ ಆಗಿತ್ತು, ತಂಗಿ. ಕಣ್ಣು ಮುಚ್ಚಿ ದೇವರನ್ನ ನೆನಸಾಕ ಹೋದ್ರ ನೀ ಕಟ್ಟಿಕೊಂಡು ಬಂದ ರೊಟ್ಟಿನ ಕಾಣತಿತ್ತು. ನಂದಲ್ಲ ಅಂತ ಹೇಳಿದ್ರ ಉಣ್ಣಾಕ ಬರತಿದ್ದಿಲ್ಲ. ಸರ್ಕಾರದ ಸಿಕ್ಕಾ ಐತಿ, ಇಬ್ಬರು ಮಂದಿ ಸಾಕ್ಷಿ ಅದಾರ, ಪಾಪ ಅವರ ಮ್ಯಾಲ ಹೋಗಲಿ ಅಂತ ಉಂಡುಬಿಟ್ಟೆ. ಅರವತ್ತಾರು ವರ್ಷ ಹಿಡದಿದ್ದು, ಮೂರು ದಿನಕ್ಕ ಬಿಟ್ಟೆ.”

ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ನನಗೆ ನಿಜವಾಗಿ ಅನಿಸಿದ್ದನ್ನೇ ಹೇಳಿದೆ.

“ನೀ ಉಂಡಿದ್ದು ಚಲೋ ಆತು, ಅತ್ತೀ.”

“ನಿನಗ ಚಲೋ ಆತು,” ಅಂದಳು ಅತ್ತೆ. ಸಿಟ್ಟಿನಿಂದ ಹೇಳಲಿಲ್ಲ. ತಾಟನ್ನು ನನ್ನ ಕಡೆ ಸರಿಸಿ, ಆರಿ ಹೋಗುವ ಮೊದಲು ಉಣ್ಣು ಅಂದಳು.